ಹಳೆ ಬಟ್ಟೆ ತನ್ನಿ, ಬೇಕಾದ್ದು ಒಯ್ಯಿರಿ

ಮಧುಗಿರಿಗೆ ನಾಗರಿಕತೆ ಕಲಿಸಿಯೇ ತೀರುತ್ತೇನೆ ಎಂದು ಭವ್ಯ ಪಣ ತೊಟ್ಟಿದ್ದು, ಬೀರು ತೆಗೆದ ಕೂಡಲೇ ಸೀರೆಗಳ ರಾಶಿ ದಬದಬನೆ ಅವಳ ಕಾಲ ಮೇಲೆ ಬಿದ್ದ ದಿನ. ಬೀರು ತುಂಬ ಸೀರೆ, ಉಡೋಕೆ ನೋಡಿದರೆ ಒಂದೂ ಇಲ್ಲ!

"ರೀ, ಈ ಭಾನುವಾರ ನಮ್ಮನೇಲಿ ಸ್ವಾಪ್ ಪಾರ್ಟಿ ಮಾಡ್ತೀನಿ," ಎಂದಳು.

"ಸೋಪ್ ಪಾರ್ಟಿನಾ? ಯಾವ ಕಂಪನೀದು?" ಎಂದ ಗಂಡ ನಾಗಭೂಷಣ್, ಪೇಪರಿನಿಂದ ತಲೆ ಎತ್ತದೆ.

"ಸೋಪಲ್ಲ, ಸ್ವಾಪ್. ನಾನು ಉಟ್ಟು ಬೇಜಾರಾದ ಸೀರೆ ಅವರಿಗೆ, ಅವರು ಉಟ್ಟು ಬೇಜಾರಾದ್ದು ನನಗೆ. ಸೀರೆ ಅಂದ್ರೆ ಅಷ್ಟೊಂದು ಅಂಟಿಕೊಂಡು ಕೂರಬಾರದು ರೀ."

ಮಾತೇನೋ ದೊಡ್ಡದು. ನಿಜ ಬೇರೆ ಇತ್ತು. ಭವ್ಯಳ ಜೊತೆ ಕಾಲೇಜಿನಲ್ಲಿ ಪಾಠ ಮಾಡುವ ಪಾವಗಡದ ತೇಜಸ್ವಿನಿ ಹತ್ತಿರ ಒಂದು ನೀಲಿ ಕೈಮಗ್ಗದ ಸೀರೆ ಇತ್ತು. ಅದನ್ನು ಅವಳು ಉಟ್ಟು ಬಂದ ದಿನ ಭವ್ಯ ಪಾಠ ತಪ್ಪು ತಪ್ಪಾಗಿ ಹೇಳುತ್ತಿದ್ದಳು. ಕೊಡು ಅಂತ ಬಾಯಿಬಿಟ್ಟು ಕೇಳೋದು ಹೆಂಗೆ? ಇಡೀ ಪಾರ್ಟಿ ಹುಟ್ಟಿದ್ದೇ ಆ ಒಂದು ಸೀರೆಗಾಗಿ.

ಭವ್ಯ ಗೆಳತಿಯರ ವಾಟ್ಸಾಪ್ ಗ್ರೂಪಿಗೆ ಹಾಕಲು ಮೆಸೇಜು ಬರೆದಳು: 'ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಬಟ್ಟೆ ಬದಲಾಯಿಸುವ ಪಾರ್ಟಿ. ಎಲ್ಲರೂ ಬನ್ನಿ.'

ನಾಗಭೂಷಣ್ ಓದಿ ಕೆಮ್ಮಿದ. "ಎಲ್ರೂ ಬಂದು ನಮ್ಮ ಹಾಲಲ್ಲಿ ಬಟ್ಟೆ ಬದಲಾಯಿಸಿದ್ರೆ ನಾನೆಲ್ಲಿಗೆ ಹೋಗ್ಲಿ?"

"ಸಿದ್ದರಬೆಟ್ಟಕ್ಕೆ ಹೋಗಿ!"

ಆದರೂ ಅವನ ಮಾತಲ್ಲಿ ನ್ಯಾಯ ಇತ್ತು. ಗಂಡನ ಮಾತಲ್ಲಿ ನ್ಯಾಯ ಇದ್ದಾಗ ಆಗುವ ಸಂಕಟ ಯಾವ ಹೆಂಡತಿಗೂ ಬೇಡ. ಅಳಿಸಿ ಹೊಸದಾಗಿ ಬರೆದಳು: 'ಹಳೆ ಬಟ್ಟೆ ತನ್ನಿ, ಬದಲಿಗೆ ಬೇಕಾದ್ದು ಒಯ್ಯಿರಿ.' ಎಷ್ಟು ಚೊಕ್ಕ, ಎಷ್ಟು ಅಂದ! ಹಾಳಾಗಿದ್ದೇ ಅಲ್ಲಿ.

ಅತ್ತೆ ಇಂದ್ರಮ್ಮನವರು ಸೊಸೆಯ ಕಾರ್ಯಕ್ರಮಕ್ಕೆ ಜನ ಕಮ್ಮಿ ಆದಾರು ಅಂತ ಕನಿಕರಪಟ್ಟು, ಆ ಮೆಸೇಜನ್ನು ಭಜನೆಯಲ್ಲಿ ಓದಿ ಹೇಳಿದರು. ಭಜನೆಯಿಂದ ಅದು ಹಾಲಿನ ಡೇರಿಗೆ ಹೋಯಿತು, ಡೇರಿಯಿಂದ ಬೀದಿಗೆಲ್ಲ. ಈಗ ನೀವೇ ಹೇಳಿ, ನಮ್ಮ ಕಡೆ ಹಳೆ ಬಟ್ಟೆ ಕೊಟ್ಟರೆ ಬದಲಿಗೆ ಏನು ಸಿಗುತ್ತೆ? ಬುಟ್ಟಿ ಹೊತ್ತು ಬೀದಿ ಬೀದಿ ಕೂಗುವವನು ಏನು ಕೊಡುತ್ತಾನೆ? ಸ್ಟೀಲ್ ಪಾತ್ರೆ! ಇದು ಹಾಲು ಕುಡಿಯೋ ಮಗುವಿಗೂ ಗೊತ್ತು. ಎಂ.ಎ. ಓದಿದ ಭವ್ಯಳಿಗೆ ಮಾತ್ರ ಹೊಳೆಯಲಿಲ್ಲ.

ಭಾನುವಾರ ಮೊದಲು ಬಂದವಳು ತೇಜಸ್ವಿನಿ. ಭವ್ಯಳ ಈರುಳ್ಳಿ ಬಣ್ಣದ ರೇಷ್ಮೆ ಸೀರೆ ಅವಳ ಕೈಗೆ, ಅವಳ ನೀಲಿ ಸೀರೆ ಭವ್ಯಳ ಕೈಗೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತು. ನೀಲಿ ಸೀರೆಯನ್ನು ದಿವಾನದ ಮೇಲೆ ಇಟ್ಟು, ಭವ್ಯ ಎರಡು ಸಲ ಸವರಿದಳು. ಜನ್ಮ ಸಾರ್ಥಕ ಅನ್ನಿಸಿತು.

ಉಳಿದ ಗೆಳತಿಯರೂ ಒಬ್ಬೊಬ್ಬರಾಗಿ ಬಂದು ಕೂತರು. ಅಷ್ಟರಲ್ಲಿ ಗೇಟು ಕಿರ್ರೆಂದಿತು. ಎದುರುಮನೆ ಅಶ್ವತ್ಥಮ್ಮ ಗೋಣಿಚೀಲ ಹೊತ್ತು ಒಳಗೆ ಬಂದರು. ಹಿಂದೆ ಅರ್ಧ ಬೀದಿ. ಎಲ್ಲರ ಕಂಕುಳಲ್ಲೂ ಗಂಟು.

ಅಶ್ವತ್ಥಮ್ಮ ಚೀಲವನ್ನು ಹಾಲಿನ ನಡುಮಧ್ಯೆ ಬೋರಲು ಹಾಕಿದರು. ತೂತು ಬನಿಯನ್ನು, ಪಟಾಪಟಿ ಚಡ್ಡಿ, ಮೊಮ್ಮಗನ ಯೂನಿಫಾರಂ, ಇಲಿ ಕಡಿದ ಅರ್ಧ ಕಂಬಳಿ. ತೇಜಸ್ವಿನಿ ಮೂಗು ಮುಚ್ಚಿಕೊಂಡು, "ಅಯ್ಯೋ ದೇವುಡಾ, ಇದೇನೇ ಭವ್ಯಾ?" ಎಂದಳು.

"ಪಾತ್ರೆ ಎಲ್ಲವ್ವೆ ಕಣಮ್ಮ? ನಂಗೆ ತಳ ದಪ್ಪಗಿರೋದೇ ಬೇಕು, ಈಗ್ಲೇ ಹೇಳ್ಬುಡ್ತೀನಿ," ಎಂದರು ಅಶ್ವತ್ಥಮ್ಮ.

"ಪಾತ್ರೆನಾ? ಅಮ್ಮಾ, ಇಲ್ಲಿ ಪಾತ್ರೆ ಇಲ್ಲ. ಬೇರೆಯವರು ತಂದ ಸೀರೇಲಿ ನಿಮಗೆ ಹಿಡಿಸಿದ್ದು ತಗೊಂಡು ಹೋಗಬಹುದು."

"ಯಾರೋ ಉಟ್ಟುಬುಟ್ಟಿದ್ದನ್ನ ನಾನ್ಯಾಕಮ್ಮ ಉಡ್ಲಿ? ನಂಗೇನು ಬಂದೈತೆ ಗ್ರಾಚಾರ? ಬೇಕಾದ್ದು ಒಯ್ಯಿರಿ ಅಂತ ಕರ್ದು ಇಂಗಾ ಮಾಡೋದು?"

ಹಿಂದಿನಿಂದ ಹತ್ತಾರು ಗಂಟಲು 'ಹೂಂ ಮತ್ತೆ' ಎಂದವು. ಭವ್ಯಳಿಗೆ ಮೈಯೆಲ್ಲ ಉರಿಯಿತು. ಮರುಬಳಕೆ, ಪರಿಸರ, ಭೂಮಿತಾಯಿ ಅಂತ ಒಂದು ಉಪನ್ಯಾಸವನ್ನೇ ಕೊಟ್ಟಳು. ಕೇಳಿ ಮುಗಿಸಿದ ಅಶ್ವತ್ಥಮ್ಮ, "ಅದೆಲ್ಲ ಸರಿ, ಪಾತ್ರೆ?" ಎಂದರು. ಗೆಳತಿಯರು ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಜಾಗ ಖಾಲಿ ಮಾಡಿದರು. ತೇಜಸ್ವಿನಿಯೂ ಹೋದಳು, ಈರುಳ್ಳಿ ಬಣ್ಣದ ರೇಷ್ಮೆಯನ್ನು ಎದೆಗೆ ಅವುಚಿಕೊಂಡು. ಮಾನ ಮೂರಾಬಟ್ಟೆ ಅನ್ನೋದನ್ನ ಭವ್ಯ ಕನ್ನಡ ಪಾಠದಲ್ಲಿ ಎಷ್ಟೋ ಸಲ ವಿವರಿಸಿದ್ದಳು, ಬಟ್ಟೆ ಸಮೇತ ಕಂಡಿದ್ದು ಅವತ್ತೇ.

ಆಗ ಇಂದ್ರಮ್ಮನವರು ಎದ್ದರು. "ಬಾಗಿಲಿಗೆ ಬಂದೋರನ್ನ ಬರಿಗೈಲಿ ಕಳಿಸಿದ್ರೆ ಈ ಮನೆ ಮರ್ಯಾದೆ ಏನಾಗಬೇಕು?" ಎಂದು ಸೀದಾ ಅಡುಗೆಮನೆಗೆ ನಡೆದರು. ಗೃಹಪ್ರವೇಶಕ್ಕೆ ಬಂದ ಬಟ್ಟಲು, ಲೋಟ, ತಟ್ಟೆ ಎಲ್ಲ ಹಾಲಿಗೆ ಬಂದು ಕೈ ಬದಲಾದವು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಭವ್ಯ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆ ಹಾಲು ಕಾಯಿಸಲು ಹೋದಾಗ ನೋಡುತ್ತಾಳೆ, ತವರಿನ ಡಬರಿ ಇಲ್ಲ. ಅವಳಮ್ಮ ಹೆಸರು ಕೊರೆಸಿ ಕೊಟ್ಟ, ಕೈಗೆ ಭಾರ ಹತ್ತುವ ಡಬರಿ.

"ಅತ್ತೆ! ನನ್ನ ಡಬರಿ?"

"ಅಶ್ವತ್ಥಮ್ಮಂಗೆ ಕೊಟ್ಟೆ. ಪಾಪ, ಎಲ್ಲರಿಗಿಂತ ದೊಡ್ಡ ಚೀಲ ತಂದಿದ್ರು."

"ಅದು ನಮ್ಮಮ್ಮ ಕೊಟ್ಟಿದ್ದು ಅತ್ತೆ!" ಭವ್ಯ ಅತ್ತೇಬಿಟ್ಟಳು. ಅತ್ತೆಯ ಮುಂದೆ ಅತ್ತಿದ್ದು ಮದುವೆಯಾದ ಮೇಲೆ ಅದೇ ಮೊದಲು. ಇಂದ್ರಮ್ಮನವರಿಗೂ ಕರುಳು ಚುರುಕ್ ಅಂದಿತು. "ಅಳಬೇಡ ಕಣಮ್ಮ, ತಡಿ," ಎಂದು ಸೆರಗು ಸಿಕ್ಕಿಸಿ ಹೊರಟರು. ಒಂದು ಗಳಿಗೆಯಲ್ಲಿ ಡಬರಿ ಹಿಡಿದು ವಾಪಸ್ ಬಂದರು.

ಭವ್ಯಳ ಕೋಪವೆಲ್ಲ ಕರಗಿಹೋಯಿತು. "ಕೇಳಿದ ತಕ್ಷಣ ಕೊಟ್ಟುಬಿಟ್ರಾ ಅತ್ತೆ?"

"ಸುಮ್ನೆ ಯಾರು ಕೊಡ್ತಾರೆ? ದಿವಾನದ ಮೇಲೆ ಯಾವ್ದೋ ನೀಲಿ ಸೀರೆ ಬಿದ್ದಿತ್ತಲ್ಲ, ಅದನ್ನ ಕೊಟ್ಟೆ."

ಭವ್ಯ ಬಾಯಿ ತೆರೆದಳು. ಡಬರಿ ತಗೊಂಡು ಹೋಗಿ ಸೀರೆ ತನ್ನಿ ಅನ್ನಲೇ? ಕಣ್ಣೀರು ಇನ್ನೂ ಆರಿರಲಿಲ್ಲ. ನಾಗಭೂಷಣ್ ಗೋಡೆ ಕಡೆ ತಿರುಗಿಕೊಂಡು ನಿಂತಿದ್ದ, ಅವನ ಭುಜ ಮಾತ್ರ ಕುಣಿಯುತ್ತಿತ್ತು.

ರಾತ್ರಿಯೆಲ್ಲ ಲೆಕ್ಕ ಹಾಕಿ, ಬೆಳಿಗ್ಗೆ ಭವ್ಯ ತನ್ನ ಮೈಸೂರು ಕ್ರೇಪ್ ಸೀರೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಎದುರುಮನೆಗೆ ಹೋದಳು. ಇದನ್ನು ಕೊಟ್ಟು ಅದನ್ನು ಬಿಡಿಸಿಕೊಂಡು ಬರಬೇಕು. ಅಶ್ವತ್ಥಮ್ಮ ಜಗಲಿ ಮೇಲೆ ಮುಖ ಊದಿಸಿಕೊಂಡು ಕೂತಿದ್ದರು. ಕೈಯಲ್ಲಿ ಒಂದು ಸ್ಟೀಲ್ ಸೌಟು.

"ಬಂದ್ಯಾ? ಬಾ. ನಾನೇ ನಿಮ್ಮನೇಗೆ ಬರಾಣ ಅಂತಿದ್ದೆ. ಈಗಿನ್ನೂ ಪಾತ್ರೆಯೋನು ಬಂದಿದ್ದ, ನಿಮ್ಮ ನೀಲಿ ಸೀರೆ ಅವನಿಗೆ ಹಾಕ್ಬುಟ್ಟೆ."

ಭವ್ಯ ಕಂಕುಳಲ್ಲಿದ್ದ ಕ್ರೇಪ್ ಸೀರೆಯನ್ನು ಬೆನ್ನ ಹಿಂದೆ ಸರಿಸಿದಳು.

"ನೋಡು ಏನು ಕೊಟ್ಟ! ಈ ಸೌಟು. ಯಾಕಲಾ ಅಂದ್ರೆ, ಜರಿ ಇಲ್ಲ, ಬರೀ ನೂಲು, ನೆಲ ಒರ್ಸಕ್ಕಾದ್ರೂ ಆದಾತು ಅಂತ ತಗತೀನಿ ಅಂದ. ಡಬರಿ ಹೋಗಿ ಸೌಟು ಬಂತು!" ಅಶ್ವತ್ಥಮ್ಮ ಸೌಟನ್ನು ನೆಲಕ್ಕೆ ಕುಟ್ಟಿದರು. ಆಮೇಲೆ ಭವ್ಯಳ ಬಿಳುಚಿದ ಮುಖ ನೋಡಿ ದನಿ ತಗ್ಗಿಸಿದರು, ನಿಜವಾಗಿ ಮರುಗಿದರು. "ಓಗ್ಲಿ ಬುಡು ಕಣಮ್ಮ, ನೀನೇನು ಬೇಕಂತ ಮೋಸ ಮಾಡ್ದ್ಯಾ? ಇನ್ನೊಂದ್ ಕಿತ ಪಾಲ್ಟಿ ಮಾಡಿದ್ರೆ ಆ ಪಾತ್ರೆಯೋನ್ನೇ ಕೂರುಸ್ಕೋ. ನಿಂಗೆ ಬಟ್ಟೆ ಬೆಲೆ ತಿಳಿಯಾಕಿಲ್ಲ."