ಬೀಗದ ಕೋಣೆ, ಮುಚ್ಚಳವಿಲ್ಲದ ನಕಲು

ಮುಂಬಾಗಿಲಿಗೆ ದೊಡ್ಡ ಬೀಗ ಜಡಿದವರು ಹಿತ್ತಲ ಬಾಗಿಲು ಮರೆತೇ ಇರುತ್ತಾರೆ. ಎಂಬತ್ತರ ದಶಕದ ಕೊನೆಗೆ ಬಳ್ಳಾರಿಯ ಹತ್ತಿ ಗಿರಣಿಯೊಂದರಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದ ನನಗೆ ಇಂಥ ಹಿತ್ತಲ ಬಾಗಿಲುಗಳು ಆಗಾಗ ಕಣ್ಣಿಗೆ ಬೀಳುತ್ತಿದ್ದವು. ಕಂಡದ್ದನ್ನು ಹೇಳದೆ ಸುಮ್ಮನಿರುವ ಗುಣವನ್ನು ನನ್ನೂರು ಕುರುಗೋಡಿನಲ್ಲಿ ನನಗೆ ಯಾರೂ ಕಲಿಸಲಿಲ್ಲ. ಕಲಿಸಿದ್ದರೂ ನಾನು ಕಲಿಯುತ್ತಿರಲಿಲ್ಲ.

೧. ಗೋದಾಮಿನ ಬೀಗ

ಗಿರಣಿಯ ಸಾಹುಕಾರರು ತರಿಸಿದ್ದು ಕಂಪ್ಯೂಟರಿನ ಒಂದು ದೊಡ್ಡ ಪೆಟ್ಟಿಗೆ, ಅದಕ್ಕೆ ಜೋಡಿಸಿದ ಮೂರು ಪರದೆ. ಒಂದು ಮ್ಯಾನೇಜರಿಗೆ, ಒಂದು ನನಗೆ, ಇನ್ನೊಂದು ಬೀಗರು ಬಂದಾಗ ತೋರಿಸಲಿಕ್ಕೆ. ಯಂತ್ರವಿಟ್ಟ ಕೋಣೆಗೆ ಏ.ಸಿ. ಹಾಕಿಸಿದ್ದೇ ತಡ, ಬಳ್ಳಾರಿಯ ಬಿಸಿಲಿಗೆ ಬೆಂದಿದ್ದ ಇಡೀ ಗಿರಣಿಗೆ ಆ ಕೋಣೆಯಲ್ಲಿ ಏನಾದರೊಂದು ಕೆಲಸ ಹುಟ್ಟಿಕೊಂಡಿತು.

ನಮ್ಮ ಮ್ಯಾನೇಜರು ಸಿರುಗುಪ್ಪದವರು. ಬಾಗಿಲಿಗೆ ಅಕ್ಕಿ ಗೋದಾಮಿನ ಬೀಗ ಹಾಕಿಸಿ, ಹಚ್ಚೊಳ್ಳಿಯ ತಾತನೊಬ್ಬನನ್ನು ಕಾವಲಿಗೆ ಕೂಡಿಸಿದರು. "ಯಾರನ್ನೂ ಒಳಗ ಬಿಡಬ್ಯಾಡ" ಎಂದರು.

ಮರುದಿನ ತಾತ ಅವರನ್ನೇ ಬಿಡಲಿಲ್ಲ.

"ತಾತ, ನಾನು ಮ್ಯಾನೇಜರ್ ಅದೀನಿ!"

"ಗೊತ್ತೈತ್ರಿ. ಯಾರನ್ನೂ ಬಿಡಬ್ಯಾಡ ಅಂದವ್ರು ನೀವ ಅಲ್ಲೇನ್ರಿ?"

ಹೊರಗೆ ಜಗಳ ಜೋರಾದಾಗ ನಾನು ಒಳಗಿನಿಂದಲೇ ಕೂಗಿದೆ. "ಸಾರ್, ಹಿಂದಿನ ಬಾಗಿಲಿಂದ ಬರ್ರಿ. ಅದಕ್ಕ ಚಿಲಕಾನೂ ಇಲ್ಲ."

೨. ಟ್ರಂಕ್ ಕಾಲ್

ಒಳಗಿನ ಬೀಗದ ಹೆಸರು ಪಾಸ್‌ವರ್ಡ್. ಮ್ಯಾನೇಜರಿಗೆ ಅದು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಬರೆದಿಟ್ಟರೆ ಯಾರಾದರೂ ನೋಡಿಯಾರು ಎಂದು ಸಿರುಗುಪ್ಪದಲ್ಲಿದ್ದ ಹೆಂಡತಿಗೆ ಬಾಯಿಪಾಠ ಮಾಡಿಸಿದ್ದರು. ಬೆಳಿಗ್ಗೆ ಬಂದವರೇ ಟ್ರಂಕ್ ಕಾಲ್ ಹಚ್ಚುತ್ತಿದ್ದರು. ಲೈನು ಸರಿ ಇರುತ್ತಿರಲಿಲ್ಲ. ಆಕೆ ಅಲ್ಲಿಂದ ಕೂಗಬೇಕು, ಇವರು ಇಲ್ಲಿಂದ ಒಂದೊಂದೇ ಅಕ್ಷರವನ್ನು ತಿರುಗಿ ಕೂಗಿ ಖಾತ್ರಿ ಮಾಡಿಕೊಳ್ಳಬೇಕು.

ಒಂದು ದಿನ ಹಾಗೆ ಕೂಗಿ ಫೋನ್ ಇಡುತ್ತಿದ್ದಂತೆ ಎದುರಿನ ಚಹಾದಂಗಡಿಯವನು ರಸ್ತೆಯಿಂದಲೇ ಎಚ್ಚರಿಸಿದ. "ಸಾಹೇಬ್ರ, ಕೊನಿಗೆ ಒಂದು ಎ ಬಿಟ್ರಿ!"

೩. ಉದ್ದ ಬಾಯಿ

ಮ್ಯಾನೇಜರು ಆ ಯಂತ್ರದಲ್ಲಿ ಒಂದು ಗುಟ್ಟಿನ ಫೈಲು ಇಟ್ಟಿದ್ದರು. ಯಾರ ಕೆಲಸ ಹೇಗೆ, ಯಾರ ನಡತೆ ಹೇಗೆ ಎಂದು ಸಾಹುಕಾರರಿಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. ಯಂತ್ರದ ಮೇಲೂ ನಂಬಿಕೆ ಇಲ್ಲದೆ ಅದನ್ನು ದಿನಾ ಮಧ್ಯಾಹ್ನ ನಕಲು ಮಾಡಿಡುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಅಂಡಿಗೆಯ, ಅಂದರೆ ಹತ್ತಿ ಮೂಟೆಗಳ, ಲೆಕ್ಕ ಹುಡುಕುತ್ತಿದ್ದೆ. ಫೈಲುಗಳ ಪಟ್ಟಿಯಲ್ಲಿ ಹೊಸದೊಂದು ಹೆಸರು ಕಂಡಿತು. ತೆರೆದರೆ, "ಕುರುಗೋಡಿನ ಹುಡುಗಿ: ಕೆಲಸ ಚಲೋ, ಬಾಯಿ ಉದ್ದ." ಇನ್ನೊಮ್ಮೆ ತೆರೆಯಹೋದರೆ ಬೀಗ ಬಿದ್ದಿತ್ತು.

ನನಗೆ ಆಗಲೇ ಹೊಳೆಯಿತು. ನಕಲು ಮಾಡುವ ಆಜ್ಞೆ ಹೊಸ ಫೈಲನ್ನು ಎಲ್ಲರಿಗೂ ತೆರೆದಿಟ್ಟುಕೊಂಡೇ ತುಂಬಿಸುತ್ತದೆ, ತುಂಬಿದ ಮೇಲೆ ಬೀಗ ಹಾಕುತ್ತದೆ. ಹಾಲನ್ನು ಇನ್ನೊಂದು ಪಾತ್ರೆಗೆ ಸುರಿದು ಮುಗಿಸಿ ಆಮೇಲೆ ಮುಚ್ಚಳ ಮುಚ್ಚಿದ ಹಾಗೆ. ಬೆಕ್ಕಿಗೆ ಅಷ್ಟು ಹೊತ್ತು ಸಾಕಲ್ಲ!

ನೆಟ್ಟಗೆ ಹೋಗಿ ಕೇಳಿದೆ. "ಸಾರ್, ನನ್ನ ಬಾಯಿ ಎಷ್ಟುದ್ದ ಐತ್ರಿ?"

ಮ್ಯಾನೇಜರು ಎಲ್ಲರ ಮುಂದೆ "ಕಳ್ಳಿ!" ಎಂದರು. ನಾನು ಪಾಸ್‌ವರ್ಡ್ ಕದ್ದೆನಂತೆ.

ನನಗೆ ಮೈಯೆಲ್ಲ ಉರಿಯಿತು. "ಕದಿಯಾಕ ಏನೈತ್ರಿ ಅದ್ರಾಗ? ಚಹಾದಂಗಡಿ ಅಣ್ಣಗ ಬಾಯಿಪಾಠ ಐತಿ. ನಾನು ಅದನ್ನ ಮುಟ್ಟಿಲ್ಲ. ನಿಮ್ಮ ನಕಲಿನ ಆಜ್ಞೇನ ಸೋರ್ತೈತಿ."

ವಿಷಯ ಸಾಹುಕಾರರವರೆಗೆ ಹೋಯಿತು. ಯಂತ್ರ ಮಾರಿದ ಕಂಪನಿಯ ಇಂಜಿನಿಯರ್ ಬಂದು ಎಲ್ಲ ಸರಿ ಇದೆ ಎಂದರೆ ನಾನು ಮನೆಗೆ ಹೋಗಬೇಕು ಎಂದು ತೀರ್ಮಾನವಾಯಿತು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ, ಒಳಗೊಳಗೆ ಹೆದರಿಕೆ ಇತ್ತು. ಆದರೂ ಹೇಳಿದೆ. "ಆಯ್ತ್ರಿ. ಸೋರ್ತೈತಿ ಅಂತ ತೋರ್ಸಿದ್ರ, ಎಲ್ಲಾರ ಮುಂದ ಅಂದ ಮಾತು ಎಲ್ಲಾರ ಮುಂದ ವಾಪಸ್ ತಗೋಬೇಕು."

"ನೋಡ್ರಿ ಸಾಹುಕಾರ್ರ" ಎಂದರು ಮ್ಯಾನೇಜರು, "ನಾನು ಬರ್ದದ್ದು ಸುಳ್ಳೇನ್ರಿ?"

೪. ಇಂಜಿನಿಯರನ ಊಟ

ಬೆಂಗಳೂರಿನಿಂದ ಬಂದ ಇಂಜಿನಿಯರ್ ಟೈ ಸಡಿಲಿಸುತ್ತ, ಇಂಥ ತೂತು ಇರುವುದಕ್ಕೇ ಸಾಧ್ಯವಿಲ್ಲ ಎಂದ. ನಾನೂ ಪಟ್ಟು ಬಿಡಲಿಲ್ಲ.

"ನೀವ ಹೊಸ ಪಾಸ್‌ವರ್ಡ್ ಇಡ್ರಿ. ಮನಸಿಗೆ ಬಂದದ್ದು ಬರೀರಿ, ಬೀಗ ಹಾಕಿ ನಕಲು ಮಾಡ್ರಿ. ನಾನು ಇಲ್ಲಿಂದ ಓದ್ತೀನಿ."

ಆತ ನಗುತ್ತ ಏನೋ ಬರೆದ. ನಕಲಿಗೆ ಹೊತ್ತು ಹಿಡಿಯುವಷ್ಟು ದೊಡ್ಡದಿರಲಿ ಎಂದು ನಾನು ಕೇಳಿದ್ದಕ್ಕೆ ಅದನ್ನೇ ಮತ್ತೆ ಮತ್ತೆ ತುಂಬಿ, ಆಜ್ಞೆ ಕೊಟ್ಟ. ನನ್ನ ಪರದೆಯ ಮೇಲೆ ಬಂದೇ ಬಂತು.

"ಇಂಗ್ಲಿಷಿನಾಗ ಐತ್ರಿ ಸಾಹುಕಾರ್ರ. ಕನ್ನಡದಾಗ ಹೇಳ್ಲೇನ್ರಿ?"

"ಹೇಳವ್ವ."

"'ಮಷೀನಿಗೆ ಏನೂ ಆಗಿಲ್ಲ. ಈ ಮ್ಯಾನೇಜರ್ ಏನು ಹೇಳಿದ್ರೂ ನಂಬ್ತಾನ. ಪ್ಲಗ್ ತಗದು ಹಾಕಿ, ಊಟ ಮಾಡಿ ಹೋಗ್ತೀನಿ.'"

ಆತನಿಗಾಗಿ ಮ್ಯಾನೇಜರು ಹೇಳಿ ಮಾಡಿಸಿದ್ದ ಹೋಳಿಗೆ ಊಟವನ್ನು ಆ ದಿನ ತಾತ ಉಂಡ.

೫. ಗಂಟೆ

ನನ್ನ ಕೆಲಸ ಉಳಿಯಿತು. "ಕಳ್ಳಿ" ಎಂಬ ಮಾತು ಮಾತ್ರ ವಾಪಸ್ ಬರಲಿಲ್ಲ. ನಾನು ದಿನಾ ಕೇಳುತ್ತಿದ್ದೆ, ಮ್ಯಾನೇಜರು ದಿನಾ ಕೆಮ್ಮುತ್ತಿದ್ದರು.

ತೂತು ಮುಚ್ಚುವ ಹೊಸ ಪ್ರೋಗ್ರಾಮಿನ ಟೇಪು ಬೆಂಗಳೂರಿನಿಂದ ಯಾವಾಗ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಮ್ಯಾನೇಜರು ತಮ್ಮದೇ ಉಪಾಯ ಮಾಡಿದರು. ನಕಲು ಮಾಡುವ ಮೊದಲು ಮೇಜಿನ ಗಂಟೆ ಬಾರಿಸುವುದು. ಗಂಟೆ ಕೇಳಿದೊಡನೆ ಕೋಣೆಯಲ್ಲಿದ್ದವರೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲುವುದು! ಗುಮಾಸ್ತರು ನಿಂತರು. ಏ.ಸಿ.ಗೆಂದು ಬಂದವರೂ ನಿಂತರು. ತಾತ ಕೈ ಮುಗಿದುಕೊಂಡು ನಿಂತ.

ನಾನು ತಿರುಗಲಿಲ್ಲ. "ಮುಚ್ಚಿಡೋದು ಇರೋರು ತಿರುಗ್ಲಿ. ನನ್ನದೇನೂ ಇಲ್ರಿ" ಎಂದು ಪರದೆಯ ಮುಂದೆಯೇ ಕೂತೆ. ಮ್ಯಾನೇಜರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಏನನ್ನೋ ಟೈಪು ಮಾಡಿ, ಗಂಟೆ ಬಾರಿಸಿ, ನಕಲಿಗೆ ಕೊಟ್ಟರು. ನಾನು ತೆರೆದೆ.

"ಕುರುಗೋಡಿನ ಹುಡುಗಿ ಕಳ್ಳಿ ಅಲ್ಲ. ನಂದ ತಪ್ಪು. ಬಾಯಿ ಮಾತ್ರ ಉದ್ದ ಐತಿ. ತಂಗಿ, ಓದೋದು ಮುಗಿದಿದ್ರ ಅಂಡಿಗಿ ಲೆಕ್ಕ ಕೊಡು."

ಎಲ್ಲರ ಮುಂದೆ ಎಂದು ಮಾತಾಗಿತ್ತಲ್ಲ. ನಾನು ಎದ್ದು ನಿಂತು, ಗೋಡೆಗೆ ಮುಖ ಮಾಡಿದವರೆಲ್ಲ ಕೇಳುವ ಹಾಗೆ ಅದನ್ನು ಮೊದಲಿನಿಂದ ಕೊನೆಯವರೆಗೆ ಜೋರಾಗಿ ಓದಿದೆ. ಮ್ಯಾನೇಜರು ಗಡಿಬಿಡಿಯಲ್ಲಿ ಮತ್ತೆ ಗಂಟೆ ಬಾರಿಸಿದರು.

ಗೋಡೆಯ ಕಡೆಯಿಂದ ತಾತನ ದನಿ ಬಂತು. "ಆಗ್ಲೇ ತಿರುಗಿ ನಿಂತೀವ್ರಿ ಸಾಹೇಬ್ರ. ಇನ್ನ ಎಲ್ಲಿಗೆ ತಿರುಗೋಣ್ರಿ?"