ಆಲ್ಟರ್ನೇಟರ್‌ಗೆ ಭಾರವಾಗದ ಹಾಗೆ

ಹಡಗಿನ ಎಲೆಕ್ಟ್ರಿಕಲ್ ಎಂಜಿನಿಯರನ್ನು ಕಟ್ಟಿಕೊಂಡವರ ಮನೆಯಲ್ಲಿ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಬೇರೆಯವರ ಮನೆಯಲ್ಲಿ ಗಂಡ ಹೆಂಡತಿ ಒಡವೆಗೋ ಅತ್ತೆಗೋ ಜಗಳ ಆಡಿದರೆ, ನಮ್ಮಲ್ಲಿ ಆಂಪಿಯರ್‌ಗೆ ಜಗಳ. ನಮ್ಮನೆಯವರು ಉಡುಪಿ ಕಡೆಯವರು, ಮಲೇಶಿಯಾಕ್ಕೆ ಅಂಟಿಕೊಂಡ ಈ ಪುಟ್ಟ ದ್ವೀಪದೇಶದಲ್ಲಿ, ಸೆಂಬವಾಂಗ್ ಕಡೆ ಒಂದು ಹಡಗು ರಿಪೇರಿ ಯಾರ್ಡಿನಲ್ಲಿ ಕೆಲಸ. ನಾನು ಮೈಸೂರಿನವಳು, ಒನ್-ನಾರ್ತ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್. ಮನೆ ಬಿಶಾನ್‌ನಲ್ಲಿ. ಬಿಡುವಾದಾಗ ವೀಣೆ ನುಡಿಸುತ್ತೇನೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಹತ್ತಿರ ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಇದೆ. ಕಾರಿನ ಕೀ ಇಲ್ಲ. ವೀಣೆ ಹೊತ್ತುಕೊಂಡು ಎಂಆರ್‌ಟಿ ರೈಲು ಹತ್ತಿದರೆ ಜನ ನನಗಲ್ಲ, ವೀಣೆಗೆ ಸೀಟು ಬಿಟ್ಟುಕೊಡುತ್ತಾರೆ. "ವಾರಕ್ಕೊಂದು ದಿನ ಕೀ ಕೊಡ್ರೀ" ಅಂತ ಕೇಳಿ ಕೇಳಿ ನನ್ನ ಬಾಯಿ ಒಣಗಿದೆ. ಕೊಡದಿರಲು ಅವರಿಗಿದ್ದದ್ದು ಒಂದೇ ಕಾರಣ. ನಾನು ಓಡಿಸಿದರೆ ಆಲ್ಟರ್ನೇಟರ್‌ಗೆ ಭಾರವಾಗುತ್ತದಂತೆ.

ಸೈಕಲ್ ಡೈನಮೋ

ಈ ಊರಿನಲ್ಲಿ ಕಾರು ಇಟ್ಟುಕೊಳ್ಳೋದು ಅಂದರೆ ಆನೆ ಸಾಕಿದ ಹಾಗೆ. ನಮ್ಮವರು ಆನೆಯನ್ನು ತುಟಿಪಿಟಕ್ಕೆನ್ನದೆ ಕೊಂಡರು, ಅಂಕುಶಕ್ಕೆ ಚೌಕಾಸಿ ಶುರು ಮಾಡಿದರು. ಪೆಟ್ರೋಲ್ ಏರಿದ ಮಾರನೆಯ ಬೆಳಗ್ಗೆ ಕಾರಿನಲ್ಲಿ ರೇಡಿಯೋ ಹಾಕಲು ಹೋದೆ. ಕೈ ತಡೆದರು.

"ಸೈಕಲ್ ಡೈನಮೋ ನೋಡಿದ್ದೀಯಲ್ಲ? ಚಕ್ರಕ್ಕೆ ತಾಗಿಸಿದ ಕೂಡಲೇ ಪೆಡಲ್ ಏನಾಗುತ್ತೆ?"

"ಗಟ್ಟಿಯಾಗುತ್ತೆ."

"ಹಾಂ. ಕಾರಿನಲ್ಲಿ ಆ ಡೈನಮೋನೇ ಆಲ್ಟರ್ನೇಟರ್. ನೀನು ರೇಡಿಯೋ ಹಾಕು, ಫ್ಯಾನ್ ಹಾಕು, ಫೋನ್ ಚಾರ್ಜಿಗಿಡು, ಅಷ್ಟಷ್ಟೂ ಎಂಜಿನ್ ಜಾಸ್ತಿ ಪೆಡಲ್ ತುಳೀಬೇಕು. ಪೆಟ್ರೋಲ್ ಕುಡಿದೇ ತುಳಿಯೋದು ಅದು."

ಮಾತು ಸುಳ್ಳಲ್ಲ, ನಾನೂ ಓದಿದವಳೇ, ಒಪ್ಪಿಕೊಂಡೆ. ಒಪ್ಪಿಕೊಂಡದ್ದೇ ತಪ್ಪಾಯಿತು. ಅವತ್ತಿನಿಂದ ರೇಡಿಯೋ ಬಂದ್, ಚಾರ್ಜರ್ ಬಂದ್. ಏಸಿಯ ಫ್ಯಾನ್ ಒಂದು ನಿಮಿಷ ಹಾಕಿ ಆರಿಸುವುದು, ಆ ತಂಪನ್ನು ಮನೆ ಬರುವವರೆಗೆ ಉಳಿಸಿಕೊಳ್ಳುವುದು. ಮುಂದಿನ ಸಿಗ್ನಲ್‌ನಲ್ಲಿ ಅವರು ಬ್ರೇಕ್ ಒತ್ತಲು ಹಿಂದೆಮುಂದೆ ನೋಡಿದ್ದು ಕಂಡು ನನಗೆ ಜೀವ ಬಾಯಿಗೆ ಬಂತು.

"ಏನ್ರೀ, ಬ್ರೇಕಿಗೂ ಆಲ್ಟರ್ನೇಟರಾ?"

"ಬ್ರೇಕಿಗಲ್ಲ. ಬ್ರೇಕ್ ಲೈಟಿಗೆ."

"ಹಾಗಂತ ಬ್ರೇಕ್ ಹಾಕಬಾರದಾ?"

"ಹಾಕಬಹುದಪ್ಪ," ಅಂದರು ಉದಾರವಾಗಿ. "ಸುಮ್ಮಸುಮ್ಮನೆ ಹಾಕಬಾರದು ಅಷ್ಟೆ."

ಮೊದಲು ಯಾವುದನ್ನು ಆರಿಸಬೇಕು

ಹಡಗಿನಲ್ಲಿ ಒಂದು ಪದ್ಧತಿ ಇದೆಯಂತೆ. ಜನರೇಟರ್‌ಗೆ ಹೊರೆ ಜಾಸ್ತಿಯಾದರೆ, ಹಡಗು ನಡೆಸಲು ಬೇಕಾದ್ದನ್ನು ಉಳಿಸಿಕೊಂಡು ಬೇಡದ್ದನ್ನು ತಾನಾಗಿಯೇ ಆರಿಸುತ್ತದಂತೆ. ನಮ್ಮವರು ಕಾರಿಗೂ ಹಾಗೇ ವಿಂಗಡಿಸಿದರು. ಹೆಡ್‌ಲೈಟ್ ಬೇಕು, ವೈಪರ್ ಮಳೆ ಬಂದರೆ ಬೇಕು, ಹಾರ್ನ್ ನೋಡೋಣ. ಬೇಡದ್ದು ಯಾವ್ಯಾವುದು ಅಂತ ನೋಡಿದರೆ ಎಲ್ಲ ನನ್ನವೇ. ನನ್ನ ಕಡೆಯ ಗಾಳಿ, ನನ್ನ ಫೋನ್, ನನ್ನ ಹಾಡು, ನಾನು ಲಿಪ್‌ಸ್ಟಿಕ್ ಹಚ್ಚುವಾಗ ಹತ್ತುವ ಕನ್ನಡಿಯ ದೀಪ.

"ಅದಕ್ಕೇ ನಿನಗೆ ಕೀ ಕೊಡಲ್ಲ ಅನ್ನೋದು," ಅಂದರು. "ನೀನು ಹತ್ತಿದರೆ ಕಾರಲ್ಲ ಅದು, ದಸರಾ ಲೈಟಿಂಗು."

ಮೈಸೂರಿನವಳಿಗೆ ಹೇಳುವ ಮಾತಾ ಇದು? ನಾನು ಸಿಟ್ಟು ತೋರಿಸಲಿಲ್ಲ. ನಯವಾಗಿ ಕೇಳಿದೆ, "ಹಡಗಿನಲ್ಲಿ ಎಲ್ಲಕ್ಕಿಂತ ಮೊದಲು ಯಾವುದನ್ನು ಆರಿಸ್ತಾರೆ?"

"ಅಡುಗೆಮನೆ," ಅಂದರು, ಯೋಚನೆಯೇ ಮಾಡದೆ.

ಆ ಸಂಜೆ ಅವರು ಸಾಲು ಊಟದಂಗಡಿಗಳ ಹಾಕರ್ ಸೆಂಟರ್‌ನಲ್ಲಿ ತಟ್ಟೆ ಹಿಡಿದು ಕ್ಯೂ ನಿಂತಿದ್ದನ್ನು ಪಕ್ಕದ ಬ್ಲಾಕಿನ ಆಂಟಿ ನೋಡಿ ನನಗೆ ಫೋನ್ ಮಾಡಿದರು. "ಮೇನ್ಟೆನೆನ್ಸ್ ನಡೀತಿದೆ ಆಂಟಿ" ಅಂದೆ.

ಊರಿನಿಂದ ಬಂದ ಗೆಳೆಯ

ಅವರ ಬಾಲ್ಯದ ಗೆಳೆಯರೊಬ್ಬರು ಮಂಗಳೂರಿನಿಂದ ಯಾವುದೋ ಮೀಟಿಂಗಿಗೆ ಬಂದರು. ಕೋಟು, ಟೈ ಎಲ್ಲ ಹಾಕಿಕೊಂಡೇ ವಿಮಾನ ಇಳಿದಿದ್ದರು ಪಾಪ. ಕರೆದುಕೊಂಡು ಬರಲು ಇಬ್ಬರೂ ಹೋದೆವು. ಮಧ್ಯಾಹ್ನದ ಬಿಸಿಲು. ಒಂದು ನಿಮಿಷದ ಗಾಳಿ ಮುಗಿಯಿತು. ಆರಿತು.

ಸ್ವಲ್ಪ ದೂರ ಹೋದ ಮೇಲೆ ಗೆಳೆಯರು ಟೈ ಸಡಿಲಿಸಿದರು. ಆಮೇಲೆ ಕೋಟು ಬಿಚ್ಚಿದರು. ಕಿಟಕಿ ಇಳಿಸಲು ಬಟನ್ ಒತ್ತಹೋದರೆ ನಮ್ಮವರು, "ಅದಕ್ಕೂ ಮೋಟರ್ ಉಂಟು ಮಾರಾಯ, ಮತ್ತೆ ಗಾಳಿ ಒಳಗೆ ನುಗ್ಗಿದರೆ ಕಾರಿಗೆ ಎಳೆತ ಜಾಸ್ತಿ" ಅಂದರು.

"ಎಂಚಿ ಸಾವು ಮಾರಾಯ," ಇದೆಂಥ ಸಾವು ಅಂತ ತುಳುವಿನಲ್ಲಿ ಗೊಣಗಿ ಗೆಳೆಯರು ಬಿಚ್ಚಿದ ಕೋಟಿನಿಂದಲೇ ಗಾಳಿ ಬೀಸಿಕೊಂಡರು. ಮನೆಗೆ ಬಂದಾಗ ಅಂಗಿ ಹಿಂಡಿದರೆ ಬಕೆಟ್ ತುಂಬುತ್ತಿತ್ತು. ನಮ್ಮವರು ಒಳಗೆ ಹೋದ ಕೂಡಲೇ ನನ್ನನ್ನು ಅಡುಗೆಮನೆ ಬಾಗಿಲಿಗೆ ಕರೆದರು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಅವನ ಕೆಲಸ ಹೋಗಿ ಎಷ್ಟು ದಿನ ಆಯ್ತು?"

ಲಿಫ್ಟಿನಲ್ಲಿ ಬ್ಯಾಟರಿ

ಆಮೇಲೆ ನಮ್ಮವರ ತಲೆಗೆ ಹೊಸ ಹುಳ ಹೊಕ್ಕಿತು. ಕಾರು ಓಡುವಾಗ ಆಲ್ಟರ್ನೇಟರ್ ಬ್ಯಾಟರಿಯನ್ನೂ ಚಾರ್ಜ್ ಮಾಡಬೇಕಲ್ಲ, ಅದೂ ಭಾರವೇ. ಮನೆಯಲ್ಲೇ ತುಂಬಿಸಿ ಇಟ್ಟುಬಿಟ್ಟರೆ? ಕಾರ್ ಪಾರ್ಕಿನಲ್ಲಿ ಪ್ಲಗ್ ಇಲ್ಲ. ಹಾಗಾಗಿ ಸಂಜೆ ಬ್ಯಾಟರಿ ಬಿಚ್ಚುವುದು, ನಾನು ತರಕಾರಿ ತರುವ ಟ್ರಾಲಿಯಲ್ಲಿ ಕೂರಿಸಿ, ಕಟ್ಟಡದ ಕೆಳಗಿನ ಖಾಲಿ ಜಾಗವಾದ ವಾಯ್ಡ್ ಡೆಕ್ ದಾಟಿ ಲಿಫ್ಟಿನಲ್ಲಿ ಮನೆಗೆ ತರುವುದು, ಬೆಳಗ್ಗೆ ವಾಪಸ್. ಬಾಲ್ಕನಿಯಲ್ಲಿ ಅದಕ್ಕೊಂದು ಮಣೆ ಬೇರೆ. ನಾನು ಬಸುರಿಯಾಗಿದ್ದರೂ ಇಷ್ಟು ಜೋಪಾನವಾಗಿ ಲಿಫ್ಟ್ ಹತ್ತಿಸುತ್ತಿರಲಿಲ್ಲ.

ನಮ್ಮ ಕೆಳಗಿನ ಮಹಡಿಯ ಚೀನೀ ಅಂಕಲ್ ಲಿಫ್ಟಿನಲ್ಲಿ ನಿತ್ಯ ನೋಡುತ್ತಿದ್ದರು. ಒಂದು ದಿನ ತಡೆಯಲಾಗದೆ ನಮ್ಮವರನ್ನು ಕೇಳಿದರು, "ಎಲೆಕ್ಟ್ರಿಕ್ ಕಾರಾ?"

"ಅಲ್ಲ ಅಂಕಲ್, ಪೆಟ್ರೋಲ್."

"ಮತ್ತೆ ಯಾಕೆ ಚಾರ್ಜ್ ಮಾಡ್ತೀಯ?"

"ಪೆಟ್ರೋಲ್ ಉಳಿಸೋಕೆ."

ಅಂಕಲ್ ಟ್ರಾಲಿ ನೋಡಿದರು, ನಮ್ಮವರ ಬಾಗಿದ ಬೆನ್ನು ನೋಡಿದರು. ತಮ್ಮ ಮಹಡಿ ಬಂದಾಗ ಇಳಿಯುತ್ತಾ, ಈ ಊರಿನವರ 'ಲಾ' ಸೇರಿಸಿ ಮೆಲ್ಲಗೆ ಹೇಳಿದರು, "ಬ್ಯಾಟರಿ ಮನೇಲೇ ಬಿಡು ಲಾ. ಇನ್ನೂ ಜಾಸ್ತಿ ಉಳಿಯುತ್ತೆ."

ಗಡಿಯಲ್ಲಿ ಕಛೇರಿ

ಕೊನೆಯದು ನನ್ನ ಕಾರ್ಯಕ್ರಮದ ದಿನದ್ದು. ಸೆಂಬವಾಂಗ್‌ನ ಒಂದು ಹಾಲ್‌ನಲ್ಲಿ ಕನ್ನಡದವರ ಸಂಜೆ, ಅದರಲ್ಲಿ ನನ್ನ ವೀಣೆ. ಈ ಊರಿಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ವೇದಿಕೆ. ವಾರವಿಡೀ ಬೆರಳು ಕೆಂಪಾಗುವಷ್ಟು ಅಭ್ಯಾಸ ಮಾಡಿದ್ದೆ.

ಬೆಳಗ್ಗೆ ಕೇಳಿದೆ, "ಇವತ್ತೊಂದು ದಿನ ಕೀ ಕೊಡಿ. ಆಫೀಸಿನಿಂದ ನಾನೇ ಓಡಿಸಿಕೊಂಡು ಹೋಗ್ತೀನಿ."

"ಮಳೆ ಬರೋ ಹಾಗಿದೆ. ನೀನಾದರೆ ವೈಪರ್, ಲೈಟು, ಫ್ಯಾನ್ ಎಲ್ಲ ಒಟ್ಟಿಗೆ ಹಾಕ್ತೀಯ. ನಾನೇ ರಜೆ ಹಾಕಿ ಕರ್ಕೊಂಡು ಹೋಗ್ತೀನಿ," ಅಂದರು. ಕೀ ಕೊಡುವುದಕ್ಕಿಂತ ರಜೆ ಕೊಡುವುದು ಸುಲಭ ಅವರಿಗೆ.

ಸಂಜೆ ಒನ್-ನಾರ್ತ್‌ನಿಂದ ಹೊರಟೆವು. ನಾನು ರೇಷ್ಮೆ ಸೀರೆಯಲ್ಲಿ, ವೀಣೆ ಹಿಂದಿನ ಸೀಟಿನಲ್ಲಿ. ಹೆದ್ದಾರಿ ಹತ್ತಿದ ಕೂಡಲೇ ಮಳೆ ಹೊಯ್ಯತೊಡಗಿತು. ಕಿಟಕಿ ಮುಚ್ಚಿದೆ, ಫ್ಯಾನ್ ಇಲ್ಲ, ಇಬ್ಬರ ಉಸಿರಿಗೆ ಗಾಜೆಲ್ಲ ಒಳಗಿನಿಂದ ಮಂಜು. ಫ್ಯಾನ್ ಹಾಕಿದರೆ ಕ್ಷಣದಲ್ಲಿ ಹೋಗುವ ಮಂಜು.

"ಹಾಕ್ರೀ, ರಸ್ತೆ ಕಾಣ್ತಿಲ್ಲ."

"ಟಿಶ್ಯೂನಲ್ಲಿ ಒರೆಸು. ಟಿಶ್ಯೂಗೆ ಕರೆಂಟ್ ಬೇಡ."

ಒರೆಸಿದೆ. ಮತ್ತೆ ಕವಿಯಿತು, ಮತ್ತೆ ಒರೆಸಿದೆ. ಆ ಹೆದ್ದಾರಿಯ ಕೊನೆಯ ಹತ್ತಿರ ಎಡಕ್ಕೆ ಹೊರಳಿದರೆ ಸೆಂಬವಾಂಗ್ ದಾರಿ, ನೇರ ಹೋದರೆ ಮಲೇಶಿಯಾ. ನಾನು ಎಡಗಡೆ ಗಾಜು ಒರೆಸುವಷ್ಟರಲ್ಲಿ ಬೋರ್ಡ್ ದಾಟಿ ಹೋಗಿತ್ತು. ಅದರ ಮುಂದಿನ ಕೊನೆಯ ತಿರುವೂ ಹೋಯಿತು. ಮಂಜಿನಾಚೆ ಸಾಲುಸಾಲು ಕೆಂಪು ದೀಪ ಕಂಡವು.

"ಟ್ರಾಫಿಕ್ ಜಾಮ್," ಅಂದರು ನಮ್ಮವರು.

ಟ್ರಾಫಿಕ್ ಜಾಮ್ ಅಲ್ಲ, ಗಡಿಯ ಚೆಕ್‌ಪಾಯಿಂಟ್. ಹಿಂದೆ ಲಾರಿ, ಪಕ್ಕದಲ್ಲಿ ತಡೆಗೋಡೆ, ತಿರುಗಿಸುವ ಹಾಗಿಲ್ಲ. ಅಧಿಕಾರಿ ಕಿಟಕಿ ತಟ್ಟಿದರು. ಸಣ್ಣ ವಯಸ್ಸಿನವರು, ಸೌಜನ್ಯದ ಮನುಷ್ಯ.

"ಪಾಸ್‌ಪೋರ್ಟ್?"

"ತಂದಿಲ್ಲ."

ಬಗ್ಗಿ ಪೆಟ್ರೋಲ್ ಮುಳ್ಳು ನೋಡಿದರು. ಇಲ್ಲಿನ ಕಾರು ಗಡಿ ದಾಟಬೇಕಾದರೆ ಮುಕ್ಕಾಲು ಟ್ಯಾಂಕ್ ಇರಲೇಬೇಕು ಅಂತ ಕಾನೂನು, ಜನ ಆ ಕಡೆಯ ಅಗ್ಗದ ಪೆಟ್ರೋಲ್ ತುಂಬಿಸಿಕೊಂಡು ಬರಬಾರದು ಅಂತ. ನಮ್ಮದರಲ್ಲಿ ಕಾಲು ಟ್ಯಾಂಕೂ ಇರಲಿಲ್ಲ.

"ಪಾಸ್‌ಪೋರ್ಟ್ ಇಲ್ಲ, ಪೆಟ್ರೋಲ್ ಇಲ್ಲ. ಮಲೇಶಿಯಾಗೆ ಹೇಗೆ ಹೋಗ್ತೀರಿ ಅಂಕಲ್?"

"ನಾವು ಸೆಂಬವಾಂಗ್‌ಗೆ ಹೋಗ್ತಿರೋದು."

ಅಧಿಕಾರಿ ನಮ್ಮವರ ಮುಖಕ್ಕೆ ಟಾರ್ಚ್ ಬಿಟ್ಟರು. "ಇಷ್ಟು ಯಾಕೆ ಬೆವರ್ತಿದ್ದೀರಿ?"

"ಆಲ್ಟರ್ನೇಟರ್ ಲೋಡ್ ಕಡಿಮೆ ಮಾಡ್ತಿದ್ದೀನಿ."

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಇವರು ಸೈಕಲ್ ಡೈನಮೋದಿಂದ ಶುರು ಮಾಡಿದರು. ಅಧಿಕಾರಿ ಪಕ್ಕಕ್ಕೆ ನಿಲ್ಲಿಸಲು ಹೇಳಿ ಹಿರಿಯರೊಬ್ಬರನ್ನು ಕರೆದರು. ಅವರು ನಮ್ಮ ಗುರುತು ಚೀಟಿ ನೋಡಿ, ಹಿಂದಿನ ಸೀಟಿನ ಉದ್ದನೆಯ ಪೆಟ್ಟಿಗೆ ತೋರಿಸಿ, "ಅದೇನು?" ಅಂದರು.

"ವೀಣೆ. ಸಂಗೀತದ್ದು. ನನಗೆ ಈಗ ಕಾರ್ಯಕ್ರಮ ಇದೆ ಸರ್," ಅಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಅಳುವೇ ಬಂದುಬಿಟ್ಟಿತು. ಅಷ್ಟು ಆಸೆಪಟ್ಟ ವೇದಿಕೆ, ಒಂದು ಫ್ಯಾನಿಗೋಸ್ಕರ ಕೈತಪ್ಪಿ ಹೋಗುತ್ತಿತ್ತು.

"ಅಳಬೇಡಿ ಮೇಡಂ. ಸ್ವಲ್ಪ ನುಡಿಸಿ ತೋರಿಸಿ, ಸಾಕು."

ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೋಹನ ರಾಗ ಎತ್ತಿಕೊಂಡೆ. ಕಣ್ಣೀರು ಸುರಿಯುತ್ತಿದ್ದರೂ ಬೆರಳು ತಪ್ಪಲಿಲ್ಲ. ಮುಗಿದಾಗ ಇಬ್ಬರು ಅಧಿಕಾರಿಗಳೂ, ಬೈಕಿನ ಸಾಲಿನಲ್ಲಿ ಒದ್ದೆಯಾಗಿ ನಿಂತಿದ್ದ ಒಂದಷ್ಟು ಜನವೂ ಚಪ್ಪಾಳೆ ತಟ್ಟಿದರು.

"ಈಗ ವಾಪಸ್ ಹೋಗಬಹುದು," ಅಂದರು ಹಿರಿಯರು. "ಆದರೆ ಈ ಗಾಜು ಹೀಗೆ ಇದ್ದರೆ ಬಿಡಲ್ಲ. ಫ್ಯಾನ್ ಹಾಕಬೇಕು."

ನಮ್ಮವರು ಕೇಳಿದ್ದೇನು ಗೊತ್ತಾ? "ಒಂದರಲ್ಲಿ ಇಟ್ಟರೆ ಸಾಕಾ?"

ಹಿರಿಯ ಅಧಿಕಾರಿ ಅವರನ್ನು ದಿಟ್ಟಿಸಿ ನೋಡಿ, ನನ್ನ ಕಡೆ ತಿರುಗಿದರು. "ಮೇಡಂ, ನಿಮ್ಮ ಹತ್ತಿರ ಲೈಸೆನ್ಸ್ ಇದೆಯಾ?"

ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಅಂತ ನಾನು ಎಷ್ಟು ಕಾಲದಿಂದ ಕಾದಿದ್ದೆ. ಕೀ ಅವರ ಕೈಯಿಂದ ಅಧಿಕಾರಿಯ ಕೈಗೆ, ಅಲ್ಲಿಂದ ನನ್ನ ಕೈಗೆ ಬಂತು. ಲೈಟು, ವೈಪರ್, ಫ್ಯಾನ್, ರೇಡಿಯೋ, ಕನ್ನಡಿಯ ದೀಪ, ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿ ಓಡಿಸಿದೆ. ನಮ್ಮವರು ಹಿಂದಿನ ಸೀಟಿನಲ್ಲಿ ವೀಣೆ ತಬ್ಬಿಕೊಂಡು ಕೂತು ತಂಪು ಗಾಳಿ ಕುಡಿದರು.

ಹಾಲ್ ತಲುಪಿದಾಗ ವಂದನಾರ್ಪಣೆ ಶುರುವಾಗುವುದರಲ್ಲಿತ್ತು. ನಿರೂಪಣೆ ಮಾಡುತ್ತಿದ್ದ ಆಂಟಿ ಓಡಿ ಬಂದು, "ಎಲ್ಲಿ ಹೋಗಿದ್ರಿ?" ಅಂದರು. ನಮ್ಮವರಿಗೆ ನಿಜ ಹೇಳಲು ನಾಚಿಕೆ. "ಮಲೇಶಿಯಾ ಬಾರ್ಡರಲ್ಲಿ ನುಡಿಸಿ ಬರುವಾಗ ಲೇಟಾಯ್ತು," ಅಂದರು. ಆಂಟಿ ಮೈಕ್ ಹಿಡಿದು, "ವಿದೇಶ ಪ್ರವಾಸ ಮುಗಿಸಿ ನೇರವಾಗಿ ನಮ್ಮ ವೇದಿಕೆಗೇ ಬಂದಿರುವ ಕಲಾವಿದೆ" ಅಂತ ಘೋಷಿಸಿಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ.

ಕೀ ಸೊಂಟಕ್ಕೆ ಸಿಕ್ಕಿಸಿಕೊಂಡು ವೇದಿಕೆ ಹತ್ತಿದೆ. ವೀಣೆ ತೊಡೆಗೇರಿಸಿ ತಲೆ ಎತ್ತಿದರೆ, ಮೊದಲ ಸಾಲಿನಲ್ಲಿ ನಮ್ಮವರು ಚಡಪಡಿಸುತ್ತಾ ಕೈ ಚಾಚಿದ್ದಾರೆ. "ಕೀ ಕೊಡು! ಹೆಡ್‌ಲೈಟ್ ಹಾಕಿಯೇ ಬಂದಿದ್ದೀಯ!"

ಮೈಕ್ ನನ್ನ ಮುಂದೆಯೇ ಇತ್ತು, ಅದು ಆನ್ ಆಗಿದೆ ಅಂತ ನನಗೆ ಗೊತ್ತಿರಲಿಲ್ಲ.

"ಎಂಜಿನ್ ಆಫ್ ಆಗಿದೆ ರೀ," ಅಂದೆ. "ಆಲ್ಟರ್ನೇಟರ್‌ಗೆ ಈಗ ಒಂಚೂರೂ ಭಾರ ಇಲ್ಲ. ಕೂತ್ಕೊಂಡು ಕೇಳಿ."