ಮೇಲ್ಮನೆಯ ಮುಳ್ಳು

ಹೆಂಡತಿ ಪರಪುರುಷನನ್ನು ಹೊಗಳಿದರೆ ಹೇಗೋ ಸಹಿಸಿಕೊಂಡೇನು. ಆದರೆ ಪರಪುರುಷನ ರೆಕಾರ್ಡ್ ಪ್ಲೇಯರನ್ನು ಹೊಗಳಿದರೆ? ನೀವೇ ಹೇಳಿ.

ನಮ್ಮ ಮೇಲ್ಮನೆಯಲ್ಲಿ ಹಲ್ಲಿನ ಡಾಕ್ಟರಿದ್ದಾರೆ. ಪ್ಲೇಯರು ನಮ್ಮಲ್ಲೂ ಒಂದಿದೆ, ಅವರಲ್ಲೂ ಒಂದಿದೆ. ಅಲ್ಲಿ ಹಾಡು ಶುರುವಾಯಿತೆಂದರೆ ಇವಳು ಬಟ್ಟೆ ಮಡಚುವುದನ್ನೂ ಬಿಟ್ಟು ಕಿಟಕಿಗೆ ಅಂಟಿಕೊಳ್ಳುತ್ತಾಳೆ.

“ರೀ, ಹಾಡೋರು ಉಸಿರು ತಗೊಳ್ಳೋದೂ ಕೇಳಿಸುತ್ತೆ!”

“ನಾನೂ ಉಸಿರಾಡ್ತೀನಿ. ಯಾವತ್ತಾದ್ರೂ ಕೇಳಿಸ್ಕೊಂಡಿದ್ದೀಯಾ?”

“ಕೇಳಿಸ್ಕೊಳ್ಳದೆ ಏನು? ಗೊರಕೆ ಸಮೇತ ಕೇಳಿಸ್ಕೊಂಡಿದ್ದೀನಿ.”

ಹೊಟ್ಟೆ ಧಗಧಗ ಉರಿಯಿತು. ಮೆಟ್ಟಿಲಲ್ಲಿ ಸಿಕ್ಕ ಡಾಕ್ಟರನ್ನು, ಏನೂ ಆಸಕ್ತಿಯಿಲ್ಲದವನಂತೆ, ಅವರ ಪ್ಲೇಯರಿನ ಗುಟ್ಟು ಕೇಳಿದೆ.

“ರೆಕಾರ್ಡಿನ ಗೆರೆ ಅಂದ್ರೆ ಹಲ್ಲಿನ ಸಂದಿ ಅಂತ ತಿಳ್ಕೊಳ್ಳಿ” ಎಂದರು (ಅವರಿಗೆ ಜಗತ್ತೆಲ್ಲ ಹಲ್ಲೇ). “ನಿಮ್ಮ ಪ್ಲೇಯರಿನ ಮುಳ್ಳಿನ ತುದಿ ದುಂಡಗಿದೆ, ಮೇಲ್ಮೇಲೆ ಸವರ್ಕೊಂಡು ಹೋಗುತ್ತೆ. ನನ್ನದು ಸೂಕ್ಷ್ಮ, ಸಂದಿಗೇ ಇಳಿಯುತ್ತೆ. ಮುಳ್ಳನ್ನ ಹಿಡ್ಕೊಂಡಿರೋ ಕಡ್ಡಿನೂ ಮುಖ್ಯ. ನಿಮ್ಮ ಅಲ್ಯೂಮಿನಿಯಂ ಕಡ್ಡಿ ಕೊಂಚ ಬಳುಕಿ ದನಿಯನ್ನ ಮೆತ್ತಗೆ ಮಾಡುತ್ತೆ. ನನ್ನ ಬೋರಾನ್ ಕಡ್ಡಿ ಹಗುರ, ಗಟ್ಟಿ. ಮುಳ್ಳು ಕಂಡಿದ್ದನ್ನೆಲ್ಲ ಮುಚ್ಚಿಡದೆ ಒಪ್ಪಿಸುತ್ತೆ.”

ಅಂದೇ ನಾನು ಅವರದಕ್ಕಿಂತ ಸೂಕ್ಷ್ಮವಾದ ಮುಳ್ಳು, ಬೋರಾನ್ ಕಡ್ಡಿಯ ಸಮೇತ, ಆರ್ಡರ್ ಮಾಡಿದೆ. ನನ್ನದು ಕನ್ನಡಕದ ಅಂಗಡಿ. ಮುಳ್ಳು ಬಂದೊಡನೆ ಅಲ್ಲಿಯ ಭೂತಗನ್ನಡಿ, ಚಿಮಟ ಹಿಡಿದು ಉಸಿರು ಬಿಗಿಹಿಡಿದು ಕೂರಿಸಿದೆ. ಭಾನುವಾರ ಸಂಜೆ ಡಾಕ್ಟರ ದಂಪತಿಗಳನ್ನು ಕರೆದು, ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಯ ಠೀವಿಯಿಂದ ಮುಳ್ಳನ್ನು ಇಳಿಸಿದೆ.

ಚಟಪಟ! ಚರಚರ! ಹೊತ್ತಿ ಉರಿಯುವ ಹುಲ್ಲಿನ ಬಣವೆಯೊಳಗೆ ಕೂತು ಯಾರೋ ಹಾಡುತ್ತಿದ್ದಂತಿತ್ತು.

“ಅದ್ಭುತ ಮುಳ್ಳು!” ಎಂದರು ಡಾಕ್ಟರು. “ಒಂದು ಗೀರನ್ನೂ ಬಿಟ್ಟಿಲ್ಲ.”

“ಗೀರೆಲ್ಲ ಇವರ ಕೈಚಳಕ” ಎಂದಳು ನನ್ನವಳು. “ಒಂದು ರೆಕಾರ್ಡಿಗೂ ಕವರಿಲ್ಲ, ಒಂದರ ಮೇಲೊಂದು ಪೇರಿಸಿಡ್ತಾರೆ.”

ಭೂಮಿ ಬಾಯಿ ಬಿಡಲೆಂದು ನಾನು ಕಾಯುತ್ತಿದ್ದಾಗ ಬಾಯಿ ಬಿಟ್ಟವರು ಡಾಕ್ಟರ ಹೆಂಡತಿ.

“ನಿಮ್ಮ ಹಳೇ ಮುಳ್ಳು ಎಲ್ಲಿ? ಎಷ್ಟು ಹಿತವಾಗಿತ್ತು! ನಮ್ಮನೇದು ಕೇಳಿ ಕೇಳಿ ನನಗೆ ತಲೆನೋವು. ನೀವು ಹಾಡು ಹಾಕ್ದಾಗಲೆಲ್ಲ ನಾನು ಬಾಲ್ಕನಿಗೆ ಬಂದು ನಿಲ್ತಿದ್ದೆ. ಇವರಿಗಂತೂ ಹೊಟ್ಟೆಕಿಚ್ಚು.”

ಡಾಕ್ಟರು ನಮ್ಮ ಫ್ಯಾನನ್ನು ಗಂಭೀರವಾಗಿ ಪರೀಕ್ಷಿಸತೊಡಗಿದರು.

ನನ್ನ ಮೇಲೆ ಹೊಟ್ಟೆಕಿಚ್ಚು! ಒಬ್ಬ ಡಾಕ್ಟರಿಗೆ! ಆನಂದದಲ್ಲಿ ನನಗೆ ದಾನಶೂರತ್ವದ ಆವೇಶ ಬಂತು. ಒಳಗೆ ಓಡಿ ಹಳೆಯ ಮುಳ್ಳನ್ನು ಡಬ್ಬಿ ಸಮೇತ ತಂದು ಆಕೆಯ ಕೈಗಿಟ್ಟೆ. “ಇಟ್ಕೊಳ್ಳಿ, ನಮಗ್ಯಾಕೆ ಆ ಡಬ್ಬಾ!” (ಬುದ್ಧಿ ನನ್ನನ್ನು ತಲುಪುವಷ್ಟರಲ್ಲಿ ಅವರು ಮೆಟ್ಟಿಲು ಹತ್ತಿಯಾಗಿತ್ತು.)

ಮರುದಿನ ಅಂಗಡಿಯಿಂದ ಬಂದರೆ ಮನೆಯಲ್ಲಿ ಇವಳಿಲ್ಲ, ಬಟ್ಟೆಯ ಬುಟ್ಟಿಯೂ ಇಲ್ಲ. ಬೇಸರಕ್ಕೆ ರೆಕಾರ್ಡು ಹಾಕಿದೆ. ಬಣವೆಗೆ ಬೆಂಕಿ ಬಿದ್ದದ್ದೇ ತಡ, ಮೇಲಿನ ಬಾಲ್ಕನಿಯಿಂದ ಇವಳ ತಲೆ ಬಾಗಿತು.

“ರೀ, ಅದನ್ನ ನಿಲ್ಲಿಸಿ! ಇಲ್ಲಿ ನಿಮ್ಮ ಹಳೇ ಮುಳ್ಳು ಹಾಡ್ತಿದೆ, ಏನೂ ಕೇಳಿಸ್ತಿಲ್ಲ.”

“ಅದೇ ಮುಳ್ಳು ತಾನೆ, ಇಷ್ಟು ವರ್ಷ ಇಲ್ಲಿ ಹಾಡಿದ್ದು?”

“ಹೌದು ರೀ. ಪಾಪ, ಇಲ್ಲಿಗೆ ಬಂದ್ಮೇಲೆ ಎಷ್ಟು ಸುಧಾರಿಸಿದೆ ಗೊತ್ತಾ!”